ಈ ಟ್ಯೂಬ್ ಇವತ್ತೂ ಬೇಕಾ?

ಬದಿಯಡ್ಕದ ಹತ್ತಿರ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕೇಂದ್ರದಲ್ಲಿ ನಾನು ನರ್ಸ್. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮಂಗಳೂರಿನ ಆಸ್ಪತ್ರೆಗಳಿಂದ ಸೀದಾ ಆಂಬುಲೆನ್ಸಿನಲ್ಲಿ ಬರುತ್ತಾರೆ. ಸೊಂಟ ಮುರಿದವರು, ಪಾರ್ಶ್ವವಾಯು ಆದವರು. ಬರುವಾಗಲೇ ಮೂತ್ರದ ಟ್ಯೂಬ್ ಹಾಕಿರುತ್ತದೆ. ಫೈಲಿನಲ್ಲಿ ನಾನು ಮೊದಲು ಹುಡುಕುವುದು ಅದನ್ನೇ. ಯಾವತ್ತು ಹಾಕಿದರು, ಯಾಕೆ ಹಾಕಿದರು?

ಎಷ್ಟೋ ಸಲ ಆಪರೇಷನ್ನಿಗೆಂದು ಹಾಕಿದ್ದು ಹಾಗೇ ಉಳಿದಿರುತ್ತದೆ. ಟ್ಯೂಬ್ ಒಳಗಿದ್ದಷ್ಟು ದಿನ ಸೋಂಕಿನ ಅಪಾಯ ಏರುತ್ತಲೇ ಹೋಗುತ್ತದೆ. ಅದಕ್ಕೇ ಬೆಳಿಗ್ಗೆ ಡಾಕ್ಟರು ಬಂದಾಗ ದಿನಾ ಕೇಳುತ್ತೇನೆ, "ಇದು ಇವತ್ತೂ ಬೇಕಾ ಡಾಕ್ಟ್ರೇ?" ತೆಗೆದರೆ ಬಟ್ಟೆ, ಹಾಸಿಗೆ ಬದಲಾಯಿಸುವ ಕೆಲಸ ಜಾಸ್ತಿ, ನಿಜ. ಆ ಕೆಲಸ ಮಾಡಿಯೇನು, ಸುಮ್ನೆ ಟ್ಯೂಬ್ ಬಿಡಲು ನನಗೆ ಮನಸ್ಸು ಬರುವುದಿಲ್ಲ.

ತೆಗೆಯಲು ಆಗದವರೂ ಇದ್ದಾರೆ. ಟ್ಯೂಬಿನಿಂದ ಮೂತ್ರ ಬಂದು ತುಂಬುವ ಅವರ ಚೀಲದ ಮೇಲೆ ನನ್ನ ಕಣ್ಣು ಇದ್ದೇ ಇರುತ್ತದೆ. ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗ ವೀಲ್‌ಚೇರಿನಲ್ಲಿ ಕೂತ ಅಜ್ಜನ ಮಡಿಲಲ್ಲಿ ಚೀಲ ಇಟ್ಟುಬಿಡುತ್ತಾರೆ. ಟ್ಯೂಬಿನೊಳಗಿನ ಹಳದಿ ಗೆರೆ ಮೆಲ್ಲ ಹಿಂದಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಅದರ ಜೊತೆ ಕೀಟಾಣುಗಳೂ ವಾಪಸ್ ಮೂತ್ರಕೋಶಕ್ಕೆ ಹೋಗುತ್ತವೆ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಖಾಲಿ ಮಾಡಲು ಒಬ್ಬೊಬ್ಬರಿಗೆ ಒಂದೊಂದು ಜಗ್ ಇಟ್ಟಿದ್ದೇನೆ. ಒಂದೇ ಜಗ್ ಹಿಡಿದು ಎಲ್ಲರ ಹಾಸಿಗೆಗೂ ಹೋದರೆ ಸೋಂಕನ್ನು ನಾವೇ ಹಂಚಿದಂತೆ ಅಲ್ವಾ?

ಗ್ಲೌಸೂ ಹಾಗೆಯೇ. ಒಬ್ಬರದು ಮುಗಿದ ಕೂಡಲೇ ಕಳಚಬೇಕು, ಕಳಚಿದ ಮೇಲೆ ಕೈಯನ್ನೂ ಶುಚಿ ಮಾಡಬೇಕು. ಕೈಗೆ ಉಜ್ಜುವ ಆಲ್ಕೋಹಾಲಿನ ಹ್ಯಾಂಡ್‌ರಬ್ ಆದರೆ 20ರಿಂದ 30 ಸೆಕೆಂಡು ಉಜ್ಜಿದರೆ ಸಾಕು. ಆದರೆ ಆಂಟಿಬಯೋಟಿಕ್ ತೆಗೆದುಕೊಂಡವರಿಗೆ ಭೇದಿ ಶುರುವಾದರೆ ನಾನು ಹ್ಯಾಂಡ್‌ರಬ್ ನಂಬುವುದಿಲ್ಲ. ಅದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಕರುಳಿನ ಕೀಟಾಣು ಇರಬಹುದು. ಅದರ ಬೀಜಾಣು ಹ್ಯಾಂಡ್‌ರಬ್ಬಿಗೆ ಸಾಯುವುದಿಲ್ಲ. ಸೋಪು ಹಚ್ಚಿ ನೀರಿನಲ್ಲಿ ತೊಳೆದೇ ಹೋಗಬೇಕು.

ಜ್ವರ ಬಂದರೆ ತಾನೇ ಸೋಂಕು ಎಂದು ಮನೆಯವರು ಕಾಯುತ್ತಾರೆ. ಈ ಪ್ರಾಯದಲ್ಲಿ ಜ್ವರ ಬಾರದೆಯೂ ಇರಬಹುದು. ನೀರ್ಚಾಲಿನ ಕಡೆಯ ಒಬ್ಬರು ಅಜ್ಜಿ ನನ್ನನ್ನು ಕಂಡಾಗಲೆಲ್ಲ "ಊಟ ಆಯ್ತಾ ಮಗಳೇ" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಮಾತಿಲ್ಲ, ಗಂಜಿ ಬೇಡ, ಸ್ವಂತ ಮಗಳ ಗುರುತೂ ಹತ್ತಲಿಲ್ಲ. "ಅರಳುಮರಳು ಸಿಸ್ಟರ್, ಪ್ರಾಯ ಆಯ್ತಲ್ಲ" ಎಂದರು ಮಗಳು. ಮೈ ಬಿಸಿ ಇರಲಿಲ್ಲ. ಎದೆ ಏಳುವುದನ್ನು ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿದೆ. 28, ಇರಬೇಕಾದ್ದಕ್ಕಿಂತ ಜಾಸ್ತಿ. ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆ. ನ್ಯುಮೋನಿಯಾ ಆಗಿತ್ತು. ಬೇಗ ಔಷಧಿ ಸಿಕ್ಕಿದ್ದರಿಂದ ಚೇತರಿಸಿಕೊಂಡರು.

ಮಲಗಿದಲ್ಲೇ ಇರುವವರಿಗೆ ಬಾಯಿಯ ಕೊಳೆ, ಅನ್ನದ ಅಗುಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದುಂಟು. ಹಾಗಾಗಿ ಆ ಮಗಳಿಗೆ ಪಕ್ಕದಲ್ಲೇ ನಿಂತು ಹೇಳಿಕೊಟ್ಟೆ. ಗಂಜಿ ಕೊಡುವಾಗ ಅಮ್ಮನನ್ನು ನೇರ ಕೂರಿಸುವುದು, ಆಮೇಲೆ ಅರ್ಧ ಗಂಟೆಯಾದರೂ ಮಲಗಿಸದಿರುವುದು, ಎರಡು ಹೊತ್ತು ಮೆತ್ತನೆ ಬ್ರಷ್ಷಿನಲ್ಲಿ ಹಲ್ಲುಜ್ಜಿಸುವುದು, ರಾತ್ರಿ ಹಲ್ಲಿನ ಸೆಟ್ ತೆಗೆದು ತೊಳೆದಿಡುವುದು. ಅಜ್ಜಿ ಮನೆಗೆ ಹೊರಡುವಾಗ ನೆಂಟರ ವಿಷಯವನ್ನೂ ಹೇಳಿದೆ. ನೋಡಲು ಬರುವವರು ಕೈ ತೊಳೆದು ಒಳಗೆ ಬರಲಿ, ಹಾಸಿಗೆಯ ಮೇಲೆ ಕೂರುವುದು ಬೇಡ, ಶೀತ ಕೆಮ್ಮು ಇದ್ದವರು ಫೋನಿನಲ್ಲೇ ಮಾತಾಡಲಿ.