ದೀಪಾವಳಿ ಸಂಚಿಕೆಯ ಮುಖಪುಟಕ್ಕೆ ಇಳಕಲ್ ಸೀರೆಯ ಚಿತ್ರ ಬರೆಯುವ ಬಗೆ

ಮುಖಪುಟಕ್ಕಾಗಿ ಉಡುಪಿನ ಚಿತ್ರ ಬರೆಯುವಾಗ ಮುಖ್ಯ ಪಾತ್ರ ಬಟ್ಟೆಯದು. ಹುಬ್ಬಳ್ಳಿಯ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ನೇತುಹಾಕಿದ ಸಂಚಿಕೆಯನ್ನು ಹತ್ತು ಹೆಜ್ಜೆ ದೂರದಿಂದ ನೋಡಿದ ಹೆಣ್ಣುಮಗಳು ‘ಇದು ಇಳಕಲ್ ಸೀರೆ’ ಎಂದು ಗುರುತಿಸಬೇಕು. ‘ಯಾವುದೋ ಸೀರೆ’ ಎಂದುಕೊಂಡರೆ ಚಿತ್ರ ಎಷ್ಟೇ ಚೆಲುವಾಗಿದ್ದರೂ ಅದರ ಕೆಲಸ ಆಗಲಿಲ್ಲ. ಒಂದು ಕಾಲಕ್ಕೆ ಜಗತ್ತಿನ ಫ್ಯಾಷನ್ ಪತ್ರಿಕೆಗಳ ಮುಖಪುಟಗಳು ಬಹುತೇಕ ಕೈಯಿಂದ ಬರೆದ ಚಿತ್ರಗಳೇ ಆಗಿದ್ದವು. ‘ವೋಗ್’ ಪತ್ರಿಕೆ 1932ರ ಜುಲೈನಲ್ಲಿ ಎಡ್ವರ್ಡ್ ಸ್ಟೈಕನ್ ತೆಗೆದ ವರ್ಣ ಛಾಯಾಚಿತ್ರವನ್ನು ಮುಖಪುಟಕ್ಕೆ ಹಾಕಿದ ಮೇಲೆ ಕ್ರಮೇಣ ಕ್ಯಾಮೆರಾ ಆ ಜಾಗವನ್ನು ಹಿಡಿಯಿತು. ಆದರೂ ಬೇಡದ್ದನ್ನು ಬಿಟ್ಟು, ಬೇಕಾದ ಒಂದು ದಡಿಯನ್ನು ಮಾತ್ರ ಎತ್ತಿ ತೋರಿಸುವ ಸ್ವಾತಂತ್ರ್ಯ ಚಿತ್ರಕಾರನಿಗೆ ಇಂದಿಗೂ ಉಳಿದಿದೆ. 1921ರಲ್ಲಿ ಧಾರವಾಡದಲ್ಲಿ ‘ಕರ್ಮವೀರ’ ಹುಟ್ಟಿದಾಗಿನಿಂದ ಪತ್ರಿಕೆಗಳನ್ನು ಓದುತ್ತ ಬಂದ ಈ ಸೀಮೆಯಲ್ಲಿ ಅಂಥ ಚಿತ್ರವನ್ನು ಸೂಕ್ಷ್ಮವಾಗಿ ನೋಡುವ ಕಣ್ಣುಗಳಿಗೆ ಕೊರತೆಯಿಲ್ಲ.

ಪೆನ್ಸಿಲ್ ಹಿಡಿಯುವ ಮೊದಲು ಸಂಪಾದಕರಿಂದಲೂ ಪುಟವಿನ್ಯಾಸಕರಿಂದಲೂ ಅಳತೆಗಳನ್ನು ಬರೆಸಿಕೊಳ್ಳಿರಿ. ಪತ್ರಿಕೆ ಎ4 ಅಳತೆಯದಾದರೆ ಪುಟ 210 × 297 ಮಿಲಿಮೀಟರ್ ಇರುತ್ತದೆ. ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಸೇರಿಸಿದರೆ 216 × 303 ಆಗುತ್ತದೆ, ಅಂದರೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಲೆಕ್ಕದಲ್ಲಿ ಸುಮಾರು 2551 × 3579 ಪಿಕ್ಸೆಲ್. ಪತ್ರಿಕೆಯ ಹೆಸರು ಎಲ್ಲಿ ಕೂರುತ್ತದೆ, ಲೇಖನಗಳ ತಲೆಬರಹಗಳು ಯಾವ ಬದಿಗೆ ಬರುತ್ತವೆ, ಬಾರ್‌ಕೋಡ್ ಯಾವ ಮೂಲೆಯಲ್ಲಿರುತ್ತದೆ ಎಂಬುದೂ ಆಗಲೇ ಗೊತ್ತಾಗಬೇಕು. ಕನ್ನಡ ಪತ್ರಿಕೆಯ ಮುಖಪುಟದಲ್ಲಿ ಇನ್ನೊಂದು ವಿಶೇಷ ಎಚ್ಚರಿಕೆ ಬೇಕಾಗುತ್ತದೆ. ಹೆಸರಿನಲ್ಲಿ ಒತ್ತಕ್ಷರವಿದ್ದರೆ ಅದು ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಮಾಡುವಂತೆ ಚಿತ್ರದ ತಲೆಯನ್ನು ಅಕ್ಷರಗಳ ಮುಂದೆ ತಂದು ನಿಲ್ಲಿಸಿದರೆ ಮೊದಲು ಮುಚ್ಚಿಹೋಗುವುದು ಆ ಒತ್ತೇ, ಆಗ ಹೆಸರೇ ಬೇರೆಯಾಗಿ ಓದಿಸಿಕೊಳ್ಳುತ್ತದೆ. ಆದ್ದರಿಂದ ಪುಟದ ಪ್ರಮಾಣದ್ದೇ ಆದ ಐದಾರು ಪುಟ್ಟ ಚೌಕಟ್ಟುಗಳನ್ನು ಹಾಕಿಕೊಂಡು, ಪ್ರತಿಯೊಂದರಲ್ಲೂ ಹೆಸರಿನ ಪಟ್ಟಿಯನ್ನು ಒತ್ತುಗಳ ಸಮೇತ ಬೂದು ಬಣ್ಣದಲ್ಲಿ ತುಂಬಿ, ಉಳಿದ ಜಾಗದಲ್ಲಿ ಮಾತ್ರ ಆಕೃತಿಯನ್ನು ಕೂರಿಸಿ ನೋಡಿರಿ.

ಇನ್ನು ಬಟ್ಟೆಯ ಅಧ್ಯಯನ. ಇದಕ್ಕೆ ಮೊಬೈಲ್‌ನಲ್ಲಿ ಸಿಗುವ ಚಿತ್ರಗಳು ಸಾಲವು. ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಲಿನ ಅಂಗಡಿಗಳಲ್ಲಿ ಸೀರೆಯನ್ನು ಬಿಚ್ಚಿಸಿ ನೋಡಿರಿ, ಸಾಧ್ಯವಾದರೆ ಗದಗ-ಬೆಟಗೇರಿಗೆ ಹೋಗಿ ಮಗ್ಗದ ಮುಂದೆ ಕುಳಿತು ನೂಲಿನ ಓಟವನ್ನು ಗಮನಿಸಿರಿ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸುನೂಲಿಗೂ (ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲು) ಸೆರಗಿನ ಹಾಸುನೂಲಿಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಹೀಗಾಗಿ ಸೆರಗಿನ ಕೆಂಪು ಒಡಲಿನೊಳಗೆ ಕರಗುತ್ತ ಹೋಗದೆ ಒಂದು ನೇರ ಗೆರೆಯಲ್ಲಿ ಥಟ್ಟನೆ ಆರಂಭವಾಗುತ್ತದೆ. ಆ ಗೆರೆಯನ್ನು ಕುಂಚದಿಂದ ಮೆದುಗೊಳಿಸಿದ ಚಿತ್ರಗಳನ್ನು ಬಹಳ ಕಡೆ ಕಾಣುತ್ತೇವೆ, ಅಲ್ಲಿ ಇಳಕಲ್ ಸೀರೆ ತನ್ನ ಗುರುತನ್ನೇ ಕಳೆದುಕೊಂಡಿರುತ್ತದೆ. ಸೆರಗಿನ ‘ತೋಪು ತೆನಿ’ಯಲ್ಲಿ ಕೆಂಪು ಪಟ್ಟೆಗಳ ನಡುವೆ ಬಿಳಿಯಲ್ಲಿ ಮೂಡುವ ಹಣಿಗೆ, ಕೋಟೆಯ ತೆನೆ, ಜೋಳದ ತೆನೆಯಂಥ ಆಕಾರಗಳನ್ನೂ, ಗೋಮಿ ಅಥವಾ ಗಾಡಿ ದಡಿಯ ಗೆರೆಗಳ ಅನುಕ್ರಮವನ್ನೂ ಬೇರೆ ಹಾಳೆಯ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿರಿ. ಕುಬಸಕ್ಕೆ ಗುಳೇದಗುಡ್ಡದ ಖಣವನ್ನು ಆರಿಸಿಕೊಂಡರೆ ತೋಳಿನ ಅಂಚಿಗೆ ಅದರ ದಡಿ ಬರುವುದನ್ನು ಮರೆಯಬಾರದು.

ಆಕೃತಿಯ ವಿಷಯಕ್ಕೆ ಬಂದರೆ, ಸಾಮಾನ್ಯ ಮನುಷ್ಯರ ಎತ್ತರ ತಲೆಯ ಅಳತೆಯ ಸುಮಾರು ಏಳೂವರೆ ಪಟ್ಟು ಇರುತ್ತದೆ. ಫ್ಯಾಷನ್ ಚಿತ್ರಕಾರರು ಅದನ್ನು ಒಂಬತ್ತು ಪಟ್ಟಿಗೆ ಹಿಗ್ಗಿಸುವುದು ರೂಢಿ. ಹೀಗೆ ಹಿಗ್ಗಿಸಿದ ಉದ್ದದ ಬಹುಪಾಲು ಸೊಂಟದ ಕೆಳಗೆ ಸೇರುವುದರಿಂದ ಗೌನಿಗೆ ಅದು ಒಪ್ಪುತ್ತದೆ. ಸೀರೆಯಲ್ಲಿ ಮಾತ್ರ ನಿರಿಗೆಗಳು ವಿಪರೀತ ಉದ್ದವಾಗಿ, ದಡಿ ಪಾದದ ಬಳಿ ಸಣ್ಣ ದಾರದಂತೆ ಕಾಣತೊಡಗುತ್ತದೆ. ಎಂಟು ತಲೆಯ ಅಳತೆ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಕೊರಳ ಕುಳಿಯಿಂದ ನೇರವಾಗಿ ಕೆಳಗೆ ಎಳೆದ ಗೆರೆ ಭಾರ ಹೊತ್ತ ಪಾದದ ಮೇಲೆ ಬಿದ್ದರೆ ಆಕೃತಿ ನಿಲ್ಲುತ್ತದೆ. ಭಾರ ಹೊತ್ತ ಕಾಲಿನ ಕಡೆಗೆ ಸೊಂಟ ಮೇಲೇರಿ ಅದೇ ಬದಿಯ ಭುಜ ಕೆಳಗಿಳಿದಿರಬೇಕು. ನಿಲುವನ್ನು ಆರಿಸುವಾಗ ಸೆರಗಿಗೆ ಅನುಕೂಲವಾಗುವುದನ್ನೇ ಆರಿಸಿರಿ. ಮುಕ್ಕಾಲು ಪಾಲು ಬೆನ್ನು ತಿರುಗಿಸಿ ಹೆಗಲ ಮೇಲಿಂದ ನೋಡುತ್ತಿರುವ ಹೆಣ್ಣಿನ ಬೆನ್ನ ಮೇಲೆ ಇಡೀ ತೋಪು ತೆನಿ ಹರಡಿಕೊಳ್ಳುತ್ತದೆ, ಮುಖವೂ ಕಳೆದುಹೋಗುವುದಿಲ್ಲ.

ಮಡಿಕೆಗಳು ಬಟ್ಟೆ ಬಿಗಿಯಾಗುವ ಜಾಗಗಳಿಂದ ಹೊರಡುತ್ತವೆ: ಹೆಗಲು, ಸೊಂಟಕ್ಕೆ ಸಿಕ್ಕಿಸಿದ ನಿರಿಗೆ, ಎತ್ತಿದ ಮೊಣಕೈ. ಹತ್ತಿಯ ಒಡಲು ಕೋನಕೋನವಾಗಿ ಮುರಿಯುತ್ತದೆ, ರೇಷ್ಮೆಯ ಸೆರಗು ಜಾರಿ ಇಳಿಯುತ್ತದೆ. ಒಂದೇ ಸೀರೆಯಲ್ಲಿ ಈ ಎರಡು ಬಗೆಯ ಗೆರೆಗಳು ಕಾಣಿಸಿದಾಗಲೇ ಬಟ್ಟೆಗೆ ತೂಕ ಬರುತ್ತದೆ. ಒಡಲಿನಲ್ಲಿ ಚೌಕಳಿ ಇದ್ದರೆ ಅದನ್ನು ಮೈಯ ಉಬ್ಬುತಗ್ಗುಗಳ ಮೇಲೆಯೇ ಓಡಿಸಿ, ಮಡಿಕೆ ಬಂದಲ್ಲಿ ಗೆರೆಯನ್ನು ಕಡಿದು ಪಕ್ಕಕ್ಕೆ ಸರಿಸಿ ಮುಂದುವರಿಸಬೇಕು.

ಕಪ್ಪು ಒಡಲಿನ ಮೇಲೆ ಧಾರವಾಡದ ಕಸೂತಿಯನ್ನು ತರಬೇಕೆಂದಿದ್ದರೆ ಹೆಚ್ಚಿನ ಸಮಯ ಅದಕ್ಕೇ ಮೀಸಲಾಗಲಿ. ಗವಂತಿ, ಮುರ್ಗಿ, ನೇಗಿ, ಹೆಂತೆ ಎಂಬ ನಾಲ್ಕು ಹೊಲಿಗೆಗಳನ್ನೂ ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುತ್ತಾರೆ; ಅಡ್ಡ, ಉದ್ದ, ಓರೆ ಗೆರೆಗಳಷ್ಟೇ ಅಲ್ಲಿ ಸಾಧ್ಯ. ನವಿಲಿನ ಕೊರಳೂ ಆನೆಯ ಬೆನ್ನೂ ಮೆಟ್ಟಿಲು ಮೆಟ್ಟಿಲಾಗಿಯೇ ಏರುತ್ತವೆ. ಇವುಗಳನ್ನು ಕುಂಚದ ಸಲೀಸಿನಲ್ಲಿ ದುಂಡಗೆ ತಿರುಗಿಸಿದರೆ ಕಸೂತಿ ಹೋಗಿ ರಂಗೋಲಿಯಾಗುತ್ತದೆ. ಚೌಕದ ಹಾಳೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆಗಳಲ್ಲಿ ಒಂದೆರಡನ್ನು ಮೊದಲು ಬರೆದು, ಆ ಚೌಕಗಳನ್ನು ಮಡಿಕೆಗೆ ತಕ್ಕಂತೆ ಬಾಗಿಸಿಕೊಂಡು ಸೀರೆಯ ಮೇಲೆ ಇಳಿಸಿರಿ. ಎಲ್ಲ ಕಡೆಗೂ ಒಂದೇ ವಿವರ ಬೇಡ. ಸೆರಗಿನ ಸಮೀಪ, ಹೆಗಲ ಬಳಿ ಪೂರ್ತಿ ವಿನ್ಯಾಸಗಳಿರಲಿ. ನಿರಿಗೆಯ ಕಡೆಗೆ ಇಳಿದಂತೆ ಅವು ಚಿಕ್ಕ ಬಿಡಿ ವಿನ್ಯಾಸಗಳಾಗಿ, ಕೊನೆಗೆ ಬರಿಯ ಚುಕ್ಕೆಗಳಾಗಲಿ. ನಿಜವಾದ ಸೀರೆಗಳಲ್ಲೂ ಕಸೂತಿ ಸೆರಗಿನ ಹತ್ತಿರವೇ ದಟ್ಟವಾಗಿರುತ್ತದೆ.

ಕಾಗದದ ಮೇಲೆ ಕೆಲಸ ಮಾಡುವವರಿಗೆ 300 ಜಿಎಸ್‌ಎಮ್‌ನ ದಪ್ಪನೆಯ ನುಣುಪಾದ ಜಲವರ್ಣ ಹಾಳೆಯೂ ನೀರಿನಲ್ಲಿ ಕಲಸುವ ಗ್ವಾಶ್ ಬಣ್ಣಗಳೂ ಚೆನ್ನಾಗಿ ಹೊಂದುತ್ತವೆ. ಅಪಾರದರ್ಶಕವಾದ ಗ್ವಾಶ್‌ನಲ್ಲಿ ಕಪ್ಪಿನ ಮೇಲೆ ಬಿಳಿ, ಕಿತ್ತಳೆ, ಹಸಿರು ಹೊಲಿಗೆಗಳನ್ನು ಕೊನೆಯಲ್ಲಿ ಇಡಬಹುದು. ಮುಗಿದ ಚಿತ್ರವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿರಿ.

ಮುದ್ರಣದಲ್ಲಿ ಎರಡು ಬಣ್ಣಗಳು ಕಾಡುತ್ತವೆ. ಪರದೆಯ ಮೇಲೆ ಉರಿಯುವ ಕೆಂಪು ಸಿಎಂವೈಕೆಗೆ, ಅಂದರೆ ಮುದ್ರಣದ ನಾಲ್ಕು ಶಾಯಿಗಳಿಗೆ (ನೀಲಿ, ಕೆನ್ನೀಲಿಗೆಂಪು, ಹಳದಿ, ಕಪ್ಪು), ಬಂದಾಗ ಮಂಕಾಗುತ್ತದೆ. ಆದ್ದರಿಂದ ಸೆರಗಿನ ಕೆಂಪನ್ನು ಆರಂಭದಿಂದಲೇ ಆ ಮಿತಿಯೊಳಗೆ ಆರಿಸಿಕೊಂಡು, ಅದರ ಪಕ್ಕದ ಬಣ್ಣಗಳನ್ನು ತಗ್ಗಿಸಿ ಅದು ಎದ್ದು ಕಾಣುವಂತೆ ಮಾಡಬೇಕು. ಇನ್ನೊಂದು ಕಪ್ಪು. ಬರಿಯ ಕಪ್ಪು ಶಾಯಿ ವಿಶಾಲವಾದ ಜಾಗದಲ್ಲಿ ಬೂದಾಗಿ ಕಾಣುತ್ತದೆಂದು ನಾಲ್ಕೂ ಶಾಯಿಗಳನ್ನು ಬೆರೆಸಿದರೆ, ಮುದ್ರಣದ ತಟ್ಟೆಗಳು ಕೂದಲೆಳೆಯಷ್ಟು ಸರಿದರೂ ಬಿಳಿ ಕಸೂತಿಯ ಗೆರೆಗಳ ಅಂಚಿಗೆ ಬೇರೆ ಬಣ್ಣ ಇಣುಕಿ ಹೊಲಿಗೆಗಳು ತುಂಬಿಹೋಗುತ್ತವೆ. ಶೇಕಡಾ 100ರ ಕಪ್ಪಿಗೆ ನೀಲಿಯನ್ನು (ಸಯಾನ್) ಶೇಕಡಾ 40ರಷ್ಟು ಮಾತ್ರ ಸೇರಿಸಿ, ಕಸೂತಿಯ ಗೆರೆಗಳನ್ನು ಮುದ್ರಣದ ಅಳತೆಯಲ್ಲಿ ಅರ್ಧ ಮಿಲಿಮೀಟರ್‌ಗಿಂತ ತೆಳುವಾಗದಂತೆ ನೋಡಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಮುದ್ರಣಾಲಯ ಕೊಡುವ ಬಣ್ಣದ ಪ್ರೂಫನ್ನು ಟ್ಯೂಬ್‌ಲೈಟಿನ ಕೆಳಗೆ ಒಪ್ಪಿಕೊಳ್ಳದೆ, ಹಗಲು ಬೆಳಕಿಗೆ ತಂದು, ಸೀರೆಯ ತುಂಡನ್ನೇ ಪಕ್ಕದಲ್ಲಿ ಇಟ್ಟು ನೋಡಿರಿ.

ಕಡತವನ್ನು ಕಳುಹಿಸುವಾಗ ಆಕೃತಿ ಮತ್ತು ಹಿನ್ನೆಲೆ ಬೇರೆ ಬೇರೆ ಪದರಗಳಲ್ಲಿರಲಿ. ವಿನ್ಯಾಸಕರು ಹೆಸರಿನ ಪಟ್ಟಿಯನ್ನು ಅವುಗಳ ನಡುವೆ ಸೇರಿಸಬೇಕಾಗಬಹುದು. ನಿಮ್ಮ ಸಹಿ ಕತ್ತರಿಸುವ ಗೆರೆಯಿಂದ ಕನಿಷ್ಠ 10 ಮಿಲಿಮೀಟರ್ ಒಳಗೆ, ಬಾರ್‌ಕೋಡಿನ ಎದುರು ಬದಿಗೆ ಇರಲಿ. ಚಿತ್ರವನ್ನು ಈ ಒಂದು ಸಂಚಿಕೆಗೆ ಮಾತ್ರ ಬಳಸುವರೋ, ಕ್ಯಾಲೆಂಡರಿಗೂ ಜಾಹೀರಾತಿಗೂ ಬಳಸುವರೋ, ಮೂಲಚಿತ್ರ ಯಾರ ಬಳಿ ಉಳಿಯುತ್ತದೆ ಎಂಬುದನ್ನು ಸಂಭಾವನೆಯ ಮೊತ್ತದ ಜೊತೆಗೇ, ಕೆಲಸ ಆರಂಭಿಸುವ ಮೊದಲೇ, ಬರವಣಿಗೆಯಲ್ಲಿ ಪಡೆದುಕೊಳ್ಳಿರಿ.