ಸ್ಪ್ಯಾನಿಷ್‌ನಲ್ಲಿ ‘ಮಾಡುತ್ತಿದ್ದೆ’ ಎನ್ನುವುದು ಹೇಗೆ?

ಸ್ಪ್ಯಾನಿಷ್ ಕ್ರಿಯಾಪದ ಎಂದರೆ ಹೊಸಬರಿಗೆ ತಲೆಬಿಸಿ. ಆದರೆ ಇಂಪರ್ಫೆಕ್ಟ್ ಎಂಬ ಭೂತಕಾಲ ಅಷ್ಟೇನೂ ಕಾಡುವುದಿಲ್ಲ, ಕನ್ನಡದವರನ್ನಂತೂ ಇನ್ನೂ ಕಡಿಮೆ. ‘ಆಗೆಲ್ಲ ದಿನಾ ಮಾತಾಡುತ್ತಿದ್ದೆ’, ‘ಅವನು ಬಂದಾಗ ಮಾತಾಡುತ್ತಿದ್ದೆ’: ರೂಢಿಗೂ, ನಡೆಯುತ್ತಿದ್ದ ಕೆಲಸಕ್ಕೂ ನಮಗೆ ಒಂದೇ ರೂಪ ಸಾಕು, ಅಲ್ವಾ? ಸ್ಪ್ಯಾನಿಷ್‌ನಲ್ಲೂ ಹಾಗೇ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ಹಾಗಾಗಿ ಇಂಗ್ಲಿಷನ್ನು ಮಧ್ಯೆ ತರದೆ ಕನ್ನಡದಿಂದಲೇ ನೇರವಾಗಿ ಹೋಗಿ.

ಮೊದಲು ಕ್ರಿಯಾಪದದ ಬಾಲ ನೋಡಿ. ಅದು ಆರ್, ಏರ್, ಈರ್ ಮೂರರಲ್ಲಿ ಒಂದಾಗಿರುತ್ತದೆ. ಆ ಬಾಲ ಕತ್ತರಿಸಿ. ಅಬ್ಲಾರ್ (ಮಾತಾಡು) ಎಂಬುದರಲ್ಲಿ ಉಳಿಯುವುದು ಅಬ್ಲ್.

ಆರ್ ಗುಂಪಿಗೆ ‘ಆಬ’ ಸೇರಿಸಿ. ನಾನು: ಅಬ್ಲಾಬ. ನೀನು: ಅಬ್ಲಾಬಸ್. ಅವನು, ಅವಳು: ಅಬ್ಲಾಬ. ನಾವು: ಅಬ್ಲಾಬಮೊಸ್. ನೀವು: ಅಬ್ಲಾಬಯ್ಸ್. ಅವರು: ಅಬ್ಲಾಬನ್. ‘ನೀವೆಲ್ಲ’ ಎನ್ನಲು ಅಬ್ಲಾಬಯ್ಸ್ ಬಳಸುವುದು ಸ್ಪೇನ್‌ನಲ್ಲಿ. ಲ್ಯಾಟಿನ್ ಅಮೆರಿಕದಲ್ಲಿ ಅದಕ್ಕೂ ಅಬ್ಲಾಬನ್ ಎನ್ನುತ್ತಾರೆ.

ಏರ್, ಈರ್ ಎರಡಕ್ಕೂ ‘ಈಯ’. ಕೊಮೇರ್ (ತಿನ್ನು) ಹೀಗಾಗುತ್ತದೆ: ಕೊಮೀಯ, ಕೊಮೀಯಸ್, ಕೊಮೀಯ, ಕೊಮೀಯಮೊಸ್, ಕೊಮೀಯಯ್ಸ್, ಕೊಮೀಯನ್. ಬರೆಯುವಾಗ ಈ ಆರರಲ್ಲೂ ‘ಈ’ ಮೇಲೆ ಗೀಟು ಬೇಕು. ಆಬ ಗುಂಪಿನಲ್ಲಿ ಗೀಟು ಬರುವುದು ‘ನಾವು’ ರೂಪಕ್ಕೆ ಮಾತ್ರ.

‘ನಾನು’, ‘ಅವನು’ ಎರಡಕ್ಕೂ ಒಂದೇ ರೂಪ ಇರುವುದನ್ನು ಗಮನಿಸಿದಿರಾ? ಯಾರೆಂದು ಗೊತ್ತಾಗದಿದ್ದರೆ ಮುಂದೆ ಯೊ (ನಾನು) ಅಥವಾ ಎಲ್ (ಅವನು) ಹಾಕಿ. ಇಲ್ಲದಿದ್ದರೆ ಸುಮ್ನೆ ಬೇಡ.

ಇನ್ನು ಬಾಯಿಪಾಠ ಮಾಡಬೇಕಾದದ್ದು ಮೂರೇ ಮೂರು. ಸೇರ್ (ಆಗಿರು): ಏರ, ಏರಸ್, ಏರ, ಏರಮೊಸ್, ಏರಯ್ಸ್, ಏರನ್. ಈರ್ (ಹೋಗು): ಈಬ, ಈಬಸ್, ಈಬ, ಈಬಮೊಸ್, ಈಬಯ್ಸ್, ಈಬನ್. ಬೇರ್ (ನೋಡು) ಎಂಬುದರಲ್ಲಿ ‘ಎ’ ಬಿಟ್ಟುಹೋಗುವುದಿಲ್ಲ ಅಷ್ಟೇ: ಬೆಯೀಯ. ಇಡೀ ಭಾಷೆಯಲ್ಲಿ ಈ ಕಾಲದ ತರಲೆ ಇಷ್ಟಕ್ಕೇ ಮುಗಿಯಿತು. ವರ್ತಮಾನದಲ್ಲಿ ‘ದುವೇರ್ಮೊ’ ಎಂದು ಒಳಗಿನ ಸ್ವರ ಬದಲಿಸುವ ದೊರ್ಮೀರ್ (ಮಲಗು) ಕೂಡ ಇಲ್ಲಿ ತೆಪ್ಪಗೆ ‘ದೊರ್ಮೀಯ’ ಆಗುತ್ತದೆ.

ರೂಪ ಬಂತು. ಬಳಸುವುದು ಯಾವಾಗ? ‘ಹೊರಟೆ’ ಮತ್ತು ‘ಬರುತ್ತಿತ್ತು’ ನಡುವಿನ ವ್ಯತ್ಯಾಸವೇ ಕೀಲಿ. ‘ಯೊವೀಯ ಕ್ವಾಂದೊ ಸಲೀ’ ಎಂದರೆ ‘ನಾನು ಹೊರಟಾಗ ಮಳೆ ಬರುತ್ತಿತ್ತು’. ಮಳೆ ಹಿನ್ನೆಲೆ, ಅದು ಇಂಪರ್ಫೆಕ್ಟ್. ಹೊರಟದ್ದು ಒಮ್ಮೆ ಆಗಿ ಮುಗಿದದ್ದು, ಅದಕ್ಕೆ ಬೇರೆ ಭೂತಕಾಲ. ಕಳೆದ ಕಾಲದ ಗಂಟೆ, ವಯಸ್ಸು ಹೇಳುವಾಗಲೂ ಇಂಪರ್ಫೆಕ್ಟೇ: ‘ಏರನ್ ಲಾಸ್ ತ್ರೇಸ್’, ಆಗ ಮೂರು ಗಂಟೆಯಾಗಿತ್ತು.

ಕನ್ನಡ ಕೈಕೊಡುವ ಜಾಗವೂ ಒಂದಿದೆ. ‘ಎರಡು ವರ್ಷ ಅಲ್ಲಿ ಕೆಲಸ ಮಾಡುತ್ತಿದ್ದೆ’ ಎನ್ನುವುದು ನಮಗೆ ಸಹಜ. ಆದರೆ ಅವಧಿ ಇಷ್ಟೇ ಎಂದು ಹೇಳಿ ಮುಗಿಸಿದರೆ ಸ್ಪ್ಯಾನಿಷ್‌ನವರು ‘ತ್ರಬಹಾಬ’ ಎನ್ನುವುದಿಲ್ಲ, ‘ತ್ರಬಹೇ’ ಎನ್ನುತ್ತಾರೆ.