ಹಾಸನದ ಖರ್ಚಿನ ಪುಸ್ತಕ ಮುಂದಿಟ್ಕೊಂಡು ಜರ್ಮನಿ ಲೆಕ್ಕ ಹಾಕಿದ್ದು

ನಮ್ಮನೇವ್ರಿಗೆ 2025ರಲ್ಲಿ ಸ್ಟುಟ್‌ಗಾರ್ಟ್ ಹತ್ರದ ಒಂದು ಕಂಪನಿಯಿಂದ ಆಫರ್ ಬಂತು, ವರ್ಷಕ್ಕೆ 65 ಸಾವಿರ ಯೂರೋ. ಮನೇಲಿ ಎಲ್ರೂ ನೂರರಿಂದ ಗುಣಿಸಿ 65 ಲಕ್ಷ ಅಂತ ಖುಷಿಯಾಗ್ಬಿಟ್ರು, ಸಂಜೆ ಹೊತ್ತಿಗೆ ವಿಷಯ ವಿದ್ಯಾನಗರದ ಅರ್ಧ ರಸ್ತೆಗೆ ಗೊತ್ತಾಗಿತ್ತು. ನಾನು ಬಿಕಾಂ ಓದಿರೋಳು, ಮನೆ ಲೆಕ್ಕ ಬರೆಯೋದೂ ನಾನೇ, ಅದಕ್ಕೆ ಒಂದು ವಾರ ಟೈಮ್ ಕೊಡಿ ಹೌದು ಅನ್ಬೇಡಿ ಅಂದೆ.

ಮೊದ್ಲು ಎಲ್ರ ಥರಾನೇ ನಂಬಿಯೊ ತೆಗೆದೆ, ಊರೂರಿನ ಖರ್ಚು ಹೋಲಿಸಿ ತೋರ್ಸೋ ವೆಬ್‌ಸೈಟು. ಅದ್ರಲ್ಲಿ ನ್ಯೂಯಾರ್ಕ್‌ನ 100 ಅಂತ ಇಟ್ಟು ಬೇರೆ ಊರುಗಳನ್ನ ಅಳೀತಾರೆ, ರೇಟನ್ನ ಆಯಾ ಊರಿನ ಜನಾನೇ ತುಂಬೋದು. ಊರು ಎಷ್ಟು ದುಬಾರಿ ಅಂತ ಒಂದು ಅಂದಾಜು ಸಿಗುತ್ತೆ, ಸರಿ. ಆದ್ರೆ ಅದು ಯಾರದೋ ಮನೆಯ ಬುಟ್ಟಿ, ನಮ್ಮನೇದಲ್ಲ. ನಾವು ಸ್ವಂತ ಮನೇಲಿರೋರು, ಅಕ್ಕಿ ತೆಂಗಿನಕಾಯಿ ಊರಿಂದ ಬರುತ್ತೆ, ಕಾಫಿಪುಡಿ ಸಕಲೇಶಪುರದ ಅಕ್ಕನ ಮನೆಯಿಂದ, ಮಗೂನ ಅತ್ತೆ ನೋಡ್ಕೋತಾರೆ, ಗೃಹಜ್ಯೋತಿ ಇರೋದ್ರಿಂದ ಕರೆಂಟ್ ಬಿಲ್ ಸೊನ್ನೆ, ನಾನು ಬೇಲೂರಿಗೆ ತವರಿಗೆ ಹೋಗ್ಬೇಕಂದ್ರೆ ಬಸ್ಸೂ ಫ್ರೀ. ಇವೆಲ್ಲ ಯಾವ ಸೈಟಲ್ಲಿ ಬರುತ್ತೆ ಹೇಳಿ?

ಹಾಗಾಗಿ ನನ್ನ ಖರ್ಚಿನ ಪುಸ್ತಕಾನೇ ತೆಗೆದು ಹಿಂದಿನ ಒಂದು ವರ್ಷದ ಪ್ರತಿ ಸಾಲನ್ನೂ ಎಕ್ಸೆಲ್‌ಗೆ ಹಾಕಿ, ಪಕ್ಕದ ಕಾಲಮ್ಮಲ್ಲಿ ಅದೇ ಸಾಮಾನು, ಅದೇ ಕೆಲ್ಸ ಅಲ್ಲಿ ಎಷ್ಟಾಗುತ್ತೆ ಅಂತ ಬರೆದೆ, ಇಲ್ಲಿ ಪುಕ್ಕಟೆ ಇರೋದಕ್ಕೂ ಒಂದೊಂದು ಸಾಲು ಕೊಟ್ಟೆ. ಅಲ್ಲಿನ ಕಾಲಮ್ ಪೂರ್ತಿ ಯೂರೋದಲ್ಲೇ. ಸಂಬಳಾನೂ ಯೂರೋ ಖರ್ಚೂ ಯೂರೋ ಆದಾಗ ನಡುವೆ ರೂಪಾಯಿ ತಂದ್ರೆ ಒಂದು ಕಾಫಿಗೆ 350 ರೂಪಾಯಿನಾ ಅಂತ ಎದೆ ಹೊಡ್ಕೊಳೋದೇ ಆಗುತ್ತೆ. ಕೊನೇಲಿ ಉಳಿಯುತ್ತಲ್ಲ, ಅದನ್ನ ಮಾತ್ರ ನೂರರಿಂದ ಗುಣಿಸೋದು ಅಂತ ರೂಲ್ ಮಾಡ್ಕೊಂಡೆ.

ಮೊದಲ ಹೊಡೆತ ಸಂಬಳದ್ದೇ. ತಿಂಗಳಿಗೆ 5,416 ಯೂರೋ ಅಂತ ಕಾಣುತ್ತೆ, ಅದ್ರಲ್ಲಿ ಪೆನ್ಷನ್‌ಗೆ 9.3 ಪರ್ಸೆಂಟ್, ನಿರುದ್ಯೋಗ ವಿಮೆಗೆ 1.3, ಆರೋಗ್ಯ ವಿಮೆಗೆ ಎಂಟೂವರೆ ಆಸುಪಾಸು, ಮೇಲೆ ವಯಸ್ಸಾದಾಗ ಆರೈಕೆ ಮಾಡೋಕೆ ಅಂತ ಬೇರೆ ಒಂದು ವಿಮೆ, ಇಷ್ಟಾದ್ಮೇಲೆ ಇನ್‌ಕಮ್ ಟ್ಯಾಕ್ಸ್. ಗಂಡ ಹೆಂಡ್ತಿ ಇಬ್ರೂ ಅಲ್ಲೇ ಇದ್ದು ಒಬ್ರೇ ದುಡಿಯೋದಾದ್ರೆ 3ನೇ ಟ್ಯಾಕ್ಸ್ ಕ್ಲಾಸ್ ತಗೋಬಹುದು, ಅದ್ರಲ್ಲಿ ಕೈಗೆ 3,700 ಚಿಲ್ರೆ ಬರುತ್ತೆ. ಒಬ್ರೇ ಅಂತ 1ನೇ ಕ್ಲಾಸಲ್ಲಿದ್ರೆ ಸುಮಾರು 400 ಯೂರೋ ಕಮ್ಮಿ. ಅಂದ್ರೆ ಮೊದ್ಲು ನೀವು ಹೋಗಿ, ನಾವು ಆಮೇಲೆ ಬರ್ತೀವಿ ಅನ್ನೋದಕ್ಕೂ ತಿಂಗಳಿಗಿಷ್ಟು ಅಂತ ರೇಟಿದೆ! ಮಗೂಗೆ ಸರ್ಕಾರ ಕೊಡೋ ಕಿಂಡರ್‌ಗೆಲ್ಡ್ 2025ಕ್ಕೆ 255 ಯೂರೋ, ಅದನ್ನ ಸೇರಿಸಿ ಆದಾಯ 3,955 ಅಂತ ಬರ್ಕೊಂಡೆ. ಚರ್ಚ್ ಟ್ಯಾಕ್ಸ್ ಅಂತ ಇನ್ನೊಂದಿದೆ, ಅದು ಅಲ್ಲಿನ ಚರ್ಚುಗಳ ಸದಸ್ಯರಿಗೆ, ನಮಗೆ ಬರಲ್ಲ.

ಇನ್ನು ಬಾಡಿಗೆ. ಇದರ ಮೇಲೇ ಎರಡು ರಾತ್ರಿ ಕೂತೆ. ಜಾಹೀರಾತಲ್ಲಿ ದೊಡ್ಡದಾಗಿ ಹಾಕಿರೋದು ಹೆಚ್ಚಾಗಿ ಕೋಲ್ಡ್ ರೆಂಟ್, ಅಂದ್ರೆ ಬರೀ ಗೋಡೆ. ನೀರು, ಕಸ, ಮೆಟ್ಟಿಲು ಕ್ಲೀನಿಂಗ್, ಸಾಮಾನ್ಯವಾಗಿ ಹೀಟಿಂಗೂ ಸೇರಿದ್ರೆ ವಾರ್ಮ್ ರೆಂಟ್, ಅದೂ ಅಡ್ವಾನ್ಸ್ ಲೆಕ್ಕ, ಚಳಿಗಾಲದಲ್ಲಿ ಜಾಸ್ತಿ ಉರಿಸಿದ್ರೆ ವರ್ಷ ಮುಗಿದ್ಮೇಲೆ ಇನ್ನೊಂದು ಬಿಲ್ ಬರುತ್ತೆ. ಕರೆಂಟ್ ಬೇರೆ, ಯೂನಿಟ್ಟಿಗೆ 40 ಸೆಂಟ್ ಹತ್ರ. ಅವರು ಮೂರು ರೂಮಿನ ಮನೆ ಅಂದ್ರೆ ಹಾಲೂ ಸೇರಿ ಮೂರು, ನಮ್ಮ ಲೆಕ್ಕದಲ್ಲಿ ಟೂ ಬಿಎಚ್‌ಕೆ. ಎಷ್ಟೋ ಮನೆಗಳಲ್ಲಿ ಅಡಿಗೆಮನೆ ಅಂದ್ರೆ ಖಾಲಿ ಗೋಡೆ ಮತ್ತೆ ಒಂದು ಪೈಪು, ಸ್ಟವ್ವು ಸಿಂಕು ಕಪಾಟು ಎಲ್ಲ ನಾವೇ ಹಾಕಿಸ್ಕೋಬೇಕಂತೆ. ಅತ್ತೆ ಇದನ್ನ ನಂಬಲೇ ಇಲ್ಲ. ನಾನು ಊರಾಚೆ ನೋಡಿ ಕೋಲ್ಡ್ 1,050, ವಾರ್ಮ್ 1,350 ಅಂತ ಹಿಡಿದೆ.

ದಿನಸಿ ಅಷ್ಟು ಹೆದರಿಸ್ಲಿಲ್ಲ. ಇಲ್ಲಿ ನಂದಿನಿ ನೀಲಿ ಪ್ಯಾಕೆಟ್ ಲೀಟರಿಗೆ 46 ರೂಪಾಯಿ, ಅಲ್ಲಿ ಸೂಪರ್ ಮಾರ್ಕೆಟ್ಟಲ್ಲಿ ಲೀಟರ್ ಹಾಲು ಒಂದು ಯೂರೋ ಆಸುಪಾಸು. ಆಲೂಗಡ್ಡೆ ಬೆಳೆಯೋ ಜಿಲ್ಲೆಯಿಂದ ಆಲೂಗಡ್ಡೆ ತಿನ್ನೋ ದೇಶಕ್ಕೆ ಹೋಗೋದಲ್ವಾ, ಅದಕ್ಕೂ ಯೋಚನೆ ಇಲ್ಲ. ಸಾಲು ಸಾಲಾಗಿ ನೋಡ್ತಾ ಹೋದಾಗ ಗೊತ್ತಾಗಿದ್ದು ಇಷ್ಟು: ಪ್ಯಾಕೆಟ್ಟಲ್ಲಿ ಬರೋದು ಒಂದೂವರೆ ಎರಡು ಪಟ್ಟು, ಮನುಷ್ಯ ಬಂದು ಕೈಯಲ್ಲಿ ಮಾಡ್ಬೇಕಾಗಿರೋದು ಹತ್ತು ಹದಿನೈದು ಪಟ್ಟು. ಕಟಿಂಗ್, ಪ್ಲಂಬರ್, ಮನೆಕೆಲ್ಸ, ಹೋಟ್ಲೂಟ ಎಲ್ಲ ಈ ಎರಡನೇ ಗುಂಪು. ಅಲ್ಲಿ 2025ರ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ, ಅಂದ್ಮೇಲೆ ಇನ್ನೇನಾಗುತ್ತೆ. ನಮ್ಮನೇಗೆ ಪಾತ್ರೆಗೆ ಬರೋ ಅಕ್ಕನ ಸಾಲಿನ ಮುಂದೆ ನಾನು ‘ಯಜಮಾನ್ರು’ ಅಂತ ಬರೆದೆ.

ಅಲ್ಲಿ ಕಮ್ಮಿ ಆಗೋದೂ ಇದೆ, ಅದನ್ನ ಬಿಟ್ರೆ ಲೆಕ್ಕ ಮೋಸ ಆಗುತ್ತೆ. ಸರ್ಕಾರಿ ಆರೋಗ್ಯ ವಿಮೇಲಿ ದುಡಿಯದ ಹೆಂಡ್ತಿ ಮಕ್ಕಳಿಗೆ ಬೇರೆ ಪ್ರೀಮಿಯಂ ಇಲ್ಲ. ಸರ್ಕಾರಿ ಶಾಲೆಗೆ ಫೀಸಿಲ್ಲ. ಆದ್ರೆ ನಮ್ಮ ಮಗೂಗೆ ಇನ್ನೂ ನಾಲ್ಕು, ಕಿಟಾಗೆ, ಅಂದ್ರೆ ಅಲ್ಲಿನ ಶಿಶುವಿಹಾರಕ್ಕೆ ಹಾಕ್ಬೇಕು, ಬರ್ಲಿನ್‌ನಲ್ಲಿ ಅದಕ್ಕೆ ಫೀಸಿಲ್ಲ, ಸ್ಟುಟ್‌ಗಾರ್ಟ್ ಇರೋ ಬಾಡೆನ್ ವುರ್ಟೆಂಬರ್ಗ್‌ನಲ್ಲಿ ಇದೆ, ಅದಕ್ಕೆ ಊಟ ಸೇರಿಸಿ 300 ಇಟ್ಟೆ. ಒಂದೇ ದೇಶದೊಳಗೇ ಇಷ್ಟು ವ್ಯತ್ಯಾಸ, ಜರ್ಮನಿ ಹೆಂಗೆ ಅಂತ ಕೇಳೋದ್ರಲ್ಲಿ ಅರ್ಥಾನೇ ಇಲ್ಲ, ಯಾವ ಊರು ಅಂತ ಕೇಳ್ಬೇಕು. ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸು 2025ರಲ್ಲಿ ತಲಾ 58 ಇತ್ತು, ದೇಶದ ಎಲ್ಲ ಸಿಟಿ ಬಸ್ಸು ಲೋಕಲ್ ರೈಲಿಗೂ ನಡೆಯುತ್ತೆ. ಟಿವಿ ಇರ್ಲಿ ಬಿಡ್ಲಿ ಮನೆಗೆ 18.36 ರೇಡಿಯೋ ಟಿವಿ ಶುಲ್ಕ ಕಟ್ಲೇಬೇಕು. ಫೋನು ಇಂಟರ್ನೆಟ್ಟು ಬಟ್ಟೆ ಎಲ್ಲ ಸೇರಿಸಿ, ವರ್ಷಕ್ಕೊಂದ್ಸಲ ಮೂರು ಜನ ಊರಿಗೆ ಬರೋ ಟಿಕೆಟ್ಟನ್ನ ಹನ್ನೆರಡಕ್ಕೆ ಭಾಗಿಸಿ ಹಾಕಿದ್ಮೇಲೆ ತಿಂಗಳ ಖರ್ಚು 3,135 ಆಯ್ತು. ಉಳಿದಿದ್ದು 820.

ಇಲ್ಲಿಗೆ ಮುಗೀತು ಅಂತ ಎಲ್ರೂ ಎದ್ದುಹೋಗ್ತಾರೆ. ಆದ್ರೆ ಹಾಸನದ ಮನೆ ಖರ್ಚು ನಾವು ವಿಮಾನ ಹತ್ತಿದ ದಿನ ನಿಂತೋಗಲ್ಲ ಕಣ್ರೀ. ಇಲ್ಲಿ ತಿಂಗಳಿಗೆ 48 ಸಾವಿರ ಆಗ್ತಿತ್ತು, ಅದ್ರಲ್ಲಿ ಅತ್ತೆ ಮಾವನ ಊಟ, ಮಾತ್ರೆ, ಮನೆ ಕಂದಾಯ, ಎಲ್‌ಐಸಿ ಅಂತ 22 ಸಾವಿರ ಮುಂದುವರಿಯುತ್ತೆ, ಅವರು ಇರೋದ್ರಿಂದ ಮನೆ ಬಾಡಿಗೆಗೂ ಕೊಡಕ್ಕಾಗಲ್ಲ. ಆ 220 ಯೂರೋ ಕಳೆದ್ರೆ ಉಳಿಯೋದು 600, ಅಂದ್ರೆ 60 ಸಾವಿರ ರೂಪಾಯಿ. ಇಲ್ಲಿ ಕೂತು ಬೆಂಗಳೂರು ಕಂಪನಿಗೆ ಮನೆಯಿಂದಲೇ ಕೆಲ್ಸ ಮಾಡಿ 1.2 ಲಕ್ಷ ಕೈಗೆ ಬಂದು ನಾವು ಉಳಿಸ್ತಾ ಇದ್ದಿದ್ದು 72 ಸಾವಿರ!

ಪೇಪರ್ ತೋರ್ಸಿದ್ಮೇಲೆ ಮಾವ ಕನ್ನಡಕ ಹಾಕ್ಕೊಂಡು ಎರಡು ಸಲ ಕೂಡಿ ನೋಡಿದ್ರು, ಸರಿಯಾಗೇ ಇತ್ತು. ಹಂಗಾದ್ರೆ ಯಾಕೆ ಹೋಗ್ತೀರಾ ಅಂದ್ರು. ಅದಕ್ಕೆ ಉತ್ತರ ಒಂದೇ ಸಾಲಲ್ಲಿತ್ತು, ನನ್ನ ಸಂಬಳದ ಸಾಲು, ಸದ್ಯಕ್ಕೆ ಸೊನ್ನೆ. ಬ್ಲೂ ಕಾರ್ಡ್ (ಓದಿ ಕೆಲ್ಸಕ್ಕೆ ಬರೋ ಹೊರದೇಶದವ್ರಿಗೆ ಕೊಡೋ ಪರ್ಮಿಟ್) ಇರೋರ ಹೆಂಡ್ತಿಗೆ ಅಲ್ಲಿ ಕೆಲ್ಸ ಮಾಡೋಕೆ ಅಡ್ಡಿ ಇಲ್ಲ. ಭಾಷೆ ಕಲಿತು ಮಗು ಕಿಟಾಗೆ ಹೋಗೋಕೆ ಶುರುವಾದ್ಮೇಲೆ ನಾನು ಅರ್ಧ ದಿನ ದುಡಿದ್ರೂ ಲೆಕ್ಕ ತಿರುಗುತ್ತೆ. ಹಾಸನದಲ್ಲಿ ನನ್ನ ಓದಿಗೆ ಸಿಗೋ ಸಂಬಳ ಎಷ್ಟು ಅಂತ ಇಲ್ಲಿ ಬರೆಯಲ್ಲ ಬಿಡಿ. ಕಿಟಾ ಸೀಟು ಒಂದು ವರ್ಷ ಸಿಗದೇ ಇರಬಹುದು ಅಂತ ಇಟ್ಕೊಂಡೇ ನೋಡಿದೆ, ಆ ಒಂದು ವರ್ಷ ಕೈ ಬಿಗಿ, ಅಷ್ಟೇ.

ಕೊನೇದಾಗಿ ಮೊದಲ ತಿಂಗಳ ಲೆಕ್ಕ ಬೇರೆ ಶೀಟಲ್ಲಿ ಹಾಕಿದೆ. ಡಿಪಾಸಿಟ್ ಕಾನೂನು ಪ್ರಕಾರ ಮೂರು ತಿಂಗಳ ಕೋಲ್ಡ್ ರೆಂಟ್ ತನಕ ಕೇಳಬಹುದು, ನಮಗೆ 3,150, ಅದನ್ನ ಮೂರು ಕಂತಲ್ಲಿ ಕಟ್ಟೋ ಹಕ್ಕೂ ಇದೆ. ಅಡಿಗೆಮನೆ, ಹಾಸಿಗೆ, ಚಳಿ ಬಟ್ಟೆ, ವೀಸಾ, ಟಿಕೆಟ್ ಎಲ್ಲ ಸೇರಿ 8 ಸಾವಿರ ಯೂರೋ ಹತ್ರ ಬಂತು. ಈ ಶೀಟು ಇಟ್ಕೊಂಡೇ ಯಜಮಾನ್ರು ಕಂಪನಿ ಜೊತೆ ಮಾತಾಡಿದ್ದು. ಸಂಬಳ ಜಾಸ್ತಿ ಮಾಡಿ ಅಂತ ಕೇಳ್ಲಿಲ್ಲ, ಅದ್ರಲ್ಲಿ ಟ್ಯಾಕ್ಸೇ ತಿನ್ನುತ್ತೆ. ಮೊದಲ ಎರಡು ತಿಂಗಳ ಮನೆ ಮತ್ತೆ ಮೂರೂ ಜನರ ಟಿಕೆಟ್ ನೀವು ಕೊಡಿ ಅಂದ್ರು. ಮನೆ ಒಪ್ಕೊಂಡ್ರು, ಟಿಕೆಟ್ ಮಾತ್ರ ಒಬ್ರದ್ದೇ.